ನಾರುಹುಣ್ಣು ಹೋದ ಊರುಗಳು

ನಾರುಹುಣ್ಣು ಎಂಬ ಹೆಸರು ಇಂದಿನ ಮಕ್ಕಳಿಗೆ ಗೊತ್ತಿರಲಾರದು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆದ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. ಕಾಲಿನ ಹುಣ್ಣಿನಿಂದ ಬಿಳಿಯ ದಾರದಂಥ ಹುಳು ಹೊರಬರುತ್ತಿದ್ದುದನ್ನು, ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯುತ್ತಿದ್ದುದನ್ನು ಅವರು ನೆನಪಿಸಿಕೊಂಡಾರು. ನಮ್ಮ ದೇಶದಲ್ಲಿ ಈ ರೋಗದ ಕೊನೆಯ ರೋಗಿ ಕಂಡುಬಂದದ್ದು 1996ರಲ್ಲಿ. ಇಂದಿನ ವೈದ್ಯಕೀಯ ವಿದ್ಯಾರ್ಥಿಗಳಿಗೆ ಅದು ಪಠ್ಯಪುಸ್ತಕದ ಒಂದು ಚಿತ್ರ ಮಾತ್ರ.

ಆಫ್ರಿಕಾದ ಹಳ್ಳಿಗಳಲ್ಲಿ ಹಾಗಲ್ಲ. ಘಾನಾ, ನೈಜೀರಿಯ, ಮಾಲಿ, ಸುಡಾನ್, ಉಗಾಂಡ ಮುಂತಾದ ದೇಶಗಳಲ್ಲಿ ಈ ಹುಳು ಲಕ್ಷಾಂತರ ಜನರನ್ನು ವರ್ಷ ವರ್ಷವೂ ಹಾಸಿಗೆ ಹಿಡಿಸುತ್ತಿತ್ತು. 1986ರಲ್ಲಿ ಆಫ್ರಿಕಾ ಮತ್ತು ಏಷ್ಯಾದ ಸುಮಾರು 20 ದೇಶಗಳಲ್ಲಿ ವರ್ಷಕ್ಕೆ 35 ಲಕ್ಷ ಜನ ಇದಕ್ಕೆ ತುತ್ತಾಗುತ್ತಿದ್ದರೆಂದು ಅಂದಾಜು. 2024ರಲ್ಲಿ ಇಡೀ ಪ್ರಪಂಚದಲ್ಲಿ ವರದಿಯಾದ ರೋಗಿಗಳು ಕೇವಲ 15 ಮಂದಿ! ಇಷ್ಟು ದೊಡ್ಡ ಬದಲಾವಣೆ ಯಾವ ಮಾತ್ರೆಯಿಂದಲೂ ಆದದ್ದಲ್ಲ, ಯಾವ ಲಸಿಕೆಯಿಂದಲೂ ಆದದ್ದಲ್ಲ. ಕುಡಿಯುವ ನೀರನ್ನು ಶುದ್ಧವಾಗಿಟ್ಟುಕೊಂಡದ್ದರಿಂದ ಆದದ್ದು.

ಕೊಳಕು ನೀರಿನಿಂದ ಬರುವ ರೋಗಗಳು ಹತ್ತಾರು. ಆದರೆ ಭೇದಿ, ಕಾಮಾಲೆ, ವಿಷಮಶೀತ ಜ್ವರಗಳು ನೀರಿನಿಂದ ಬರುವಂತೆ ಆಹಾರದಿಂದ, ಕೈಯಿಂದ, ನೊಣದಿಂದಲೂ ಬಂದಾವು. ನಾರುಹುಣ್ಣು ಮನುಷ್ಯನನ್ನು ತಲುಪಲು ಶತಮಾನಗಳಿಂದ ಹಿಡಿದ ಹೆದ್ದಾರಿ ಒಂದೇ, ಕುಡಿಯುವ ನೀರು. ಆದ್ದರಿಂದ ಒಂದು ಊರಿಗೆ ಶುದ್ಧ ನೀರು ಬಂದರೆ ಅಲ್ಲಿನ ಬದುಕಿನಲ್ಲಿ ಏನೇನು ಬದಲಾಗುತ್ತದೆ ಎಂಬುದನ್ನು ಅರಿಯಲು ಈ ರೋಗದ ಕಥೆಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಹುಳುವಿನ ಒಂದು ವರ್ಷ

ಕೆರೆ, ಹೊಂಡಗಳ ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜೀವಿಗಳಿರುತ್ತವೆ. ಒಂದೆರಡು ಮಿ.ಮೀ. ಉದ್ದ, ಅಷ್ಟೆ. ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬಿಸಿಲಿಗೆ ಹಿಡಿದರೆ ಬಿಳಿ ಚುಕ್ಕೆಗಳಂತೆ ಕುಪ್ಪಳಿಸುವುದು ಕಣ್ಣಿಗೆ ಕಂಡೀತು. ಇವು ತಾವಾಗಿ ಯಾರಿಗೂ ಕೇಡು ಮಾಡವು. ಆದರೆ ನಾರುಹುಳುವಿನ ಮರಿಗಳನ್ನು ನುಂಗಿದ ಸೈಕ್ಲಾಪ್ಸ್ ಎರಡು ವಾರಗಳಲ್ಲಿ ರೋಗದ ವಾಹಕವಾಗುತ್ತದೆ.

ಅಂಥ ನೀರನ್ನು ಸೋಸದೆ ಕುಡಿದವರ ಜಠರದಲ್ಲಿ ಸೈಕ್ಲಾಪ್ಸ್ ಸಾಯುತ್ತದೆ. ಅದರೊಳಗಿದ್ದ ಮರಿಹುಳುಗಳು ಮಾತ್ರ ಸಾಯುವುದಿಲ್ಲ. ಕರುಳಿನ ಗೋಡೆಯನ್ನು ಕೊರೆದು ಹೊರಬಂದು ದೇಹದೊಳಗೆ ಬೆಳೆಯುತ್ತವೆ. ಗಂಡು ಹುಳು ಹೆಣ್ಣಿನೊಡನೆ ಕೂಡಿದ ಮೇಲೆ ಸತ್ತುಹೋಗುತ್ತದೆ. ಹೆಣ್ಣು ಹುಳು ಬೆಳೆಯುತ್ತಲೇ ಹೋಗಿ ಸುಮಾರು 60 ಸೆಂ.ಮೀ.ನಿಂದ ಒಂದು ಮೀಟರಿನಷ್ಟು ಉದ್ದವಾಗುತ್ತದೆ. ದಪ್ಪ ಮಾತ್ರ ಶಾವಿಗೆಯ ಎಳೆಯಷ್ಟು. ಇಷ್ಟೆಲ್ಲ ನಡೆಯುವಾಗ ಆ ವ್ಯಕ್ತಿಗೆ ಏನೂ ಗೊತ್ತಾಗುವುದಿಲ್ಲ. ಜ್ವರವಿಲ್ಲ, ನೋವಿಲ್ಲ.

ಸುಮಾರು ಒಂದು ವರ್ಷದ ನಂತರ ಹುಳು ಚರ್ಮದ ಕೆಳಗೆ ಬಂದು ನಿಲ್ಲುತ್ತದೆ. ಹೆಚ್ಚಾಗಿ ಮೊಣಕಾಲಿನ ಕೆಳಗೆ ಅಥವಾ ಪಾದದಲ್ಲಿ. ಅಲ್ಲಿ ಒಂದು ಬೊಬ್ಬೆ ಏಳುತ್ತದೆ, ಬೆಂಕಿ ಇಟ್ಟಂತೆ ಉರಿಯುತ್ತದೆ. ಉರಿ ತಾಳಲಾರದೆ ರೋಗಿ ಕಾಲನ್ನು ನೀರಿನಲ್ಲಿ ಇಳಿಬಿಡುತ್ತಾನೆ. ಹುಳುವಿಗೆ ಬೇಕಾದದ್ದೂ ಅದೇ. ನೀರು ಸೋಕಿದೊಡನೆ ಬೊಬ್ಬೆ ಒಡೆದು ಹುಳುವಿನ ತುದಿ ಹೊರಬಂದು ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಬಿಡುತ್ತದೆ. ಅವನ್ನು ಸೈಕ್ಲಾಪ್ಸ್‌ಗಳು ನುಂಗುತ್ತವೆ. ಅದೇ ಹೊಂಡದ ನೀರನ್ನು ಊರಿನವರು ಕುಡಿಯುತ್ತಾರೆ. ಚಕ್ರ ಮತ್ತೆ ಮೊದಲಿನಿಂದ ಸುತ್ತುತ್ತದೆ.

ಕುಡಿದ ನೀರಿಗೂ ಹೊರಬಂದ ಹುಳುವಿಗೂ ನಡುವೆ ಒಂದು ವರ್ಷದ ಅಂತರ ಇರುವುದನ್ನು ಗಮನಿಸಿ. ಊಟ ಮಾಡಿ ಅರ್ಧ ದಿನದಲ್ಲಿ ಹೊಟ್ಟೆ ಕೆಟ್ಟರೆ ಯಾವ ಊಟದಿಂದ ಎಂದು ಯಾರಾದರೂ ಊಹಿಸಿಯಾರು. ಹೋದ ವರ್ಷ ಕುಡಿದ ನೀರನ್ನು ಈ ವರ್ಷದ ಹುಣ್ಣಿಗೆ ಯಾರು ಜೋಡಿಸಬಲ್ಲರು? ಆದ್ದರಿಂದಲೇ ಇದು ಶಾಪ, ಮಾಟ, ರಕ್ತದೋಷ ಎಂಬ ನಂಬಿಕೆಗಳು ಹಲವೆಡೆ ಇದ್ದವು. ಸೈಕ್ಲಾಪ್ಸ್‌ನ ಪಾತ್ರವನ್ನು ರಷ್ಯದ ವಿಜ್ಞಾನಿ ಅಲೆಕ್ಸಿ ಫೆಡ್ಚೆಂಕೊ ಕಂಡುಹಿಡಿದದ್ದು ಕೂಡ 1870ರ ಸುಮಾರಿಗೆ. ಅಲ್ಲಿಯವರೆಗೆ ವೈದ್ಯರಿಗೂ ಇದು ಒಗಟಾಗಿತ್ತು.

ಕಡ್ಡಿಗೆ ಸುತ್ತುವುದೇ ಚಿಕಿತ್ಸೆ

ಈ ಹುಳುವನ್ನು ದೇಹದೊಳಗೆ ಕೊಲ್ಲುವ ಔಷಧ ಇಂದಿಗೂ ಇಲ್ಲ. ತಡೆಯುವ ಲಸಿಕೆಯೂ ಇಲ್ಲ. ಒಮ್ಮೆ ಬಂದವರಿಗೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ. ಒಬ್ಬರಿಗೇ ಪ್ರತಿ ವರ್ಷ ಬರಬಹುದು, ಒಂದೇ ಸಲ ಹಲವು ಹುಳುಗಳೂ ಹೊರಬರಬಹುದು.

ಚಿಕಿತ್ಸೆ ಎಂದರೆ ಸಾವಿರಾರು ವರ್ಷಗಳಿಂದ ನಡೆದುಬಂದ ವಿಧಾನವೇ. ಹೊರಬಂದ ತುದಿಯನ್ನು ಸಣ್ಣ ಕಡ್ಡಿಗೋ ಬಟ್ಟೆಯ ಸುರುಳಿಗೋ ಸುತ್ತಿ ದಿನಕ್ಕೆ ಕೆಲವು ಸೆಂ.ಮೀ.ನಷ್ಟು ಮೆಲ್ಲಗೆ ಎಳೆಯಬೇಕು. ಅವಸರ ಮಾಡಿದರೆ ಹುಳು ತುಂಡಾಗಿ ಒಳಗುಳಿದ ಭಾಗ ಕೀವು ತುಂಬಿಕೊಳ್ಳುತ್ತದೆ. ಪೂರ್ತಿ ಹೊರಬರಲು ವಾರಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಹುಣ್ಣಿಗೆ ಬೇರೆ ಸೋಂಕು ತಗಲಿದರೆ ಬಾವು, ಕೀಲುಗಳ ಬಿಗಿತ, ಕೆಲವೊಮ್ಮೆ ಧನುರ್ವಾಯು ಕೂಡ ಉಂಟಾಗಬಹುದು. ಸಾಯುವವರು ಕಡಿಮೆ, ನಿಜ. ಆದರೆ ಎರಡು ಮೂರು ತಿಂಗಳು ನೆಲಕ್ಕೆ ಕಾಲೂರಲಾಗದೆ ಮಲಗುವವರು ಬಹಳ.

ಖಾಲಿ ಕಣಜದ ಕಾಯಿಲೆ

ಮಾಲಿ ದೇಶದ ಡೋಗನ್ ಜನ ಈ ರೋಗವನ್ನು ‘ಖಾಲಿ ಕಣಜದ ಕಾಯಿಲೆ’ ಎಂದು ಕರೆಯುತ್ತಿದ್ದರು. ಯಾವ ವೈದ್ಯಕೀಯ ಗ್ರಂಥವೂ ಇಷ್ಟು ಚೆನ್ನಾಗಿ ಹೇಳಲಾರದು. ಸಹಾರದ ಅಂಚಿನ ನಾಡುಗಳಲ್ಲಿ ಜನ ಹೊಂಡದ ನೀರಿಗೆ ಹೆಚ್ಚಾಗಿ ಬಾಯೊಡ್ಡುವುದು ಮಳೆಗಾಲದಲ್ಲಿ. ಹೋದ ಮಳೆಗಾಲದಲ್ಲಿ ಕುಡಿದ ನೀರು ಈ ಮಳೆಗಾಲದಲ್ಲಿ ಹುಳುವಾಗಿ ಹೊರಬರುತ್ತದೆ. ಮಳೆಗಾಲವೆಂದರೆ ಉಳುವ, ಬಿತ್ತುವ, ಕಳೆ ಕೀಳುವ ಕಾಲ. ಅಂದರೆ ರೈತ ಗದ್ದೆಯಲ್ಲಿರಬೇಕಾದ ದಿನಗಳಲ್ಲಿಯೇ ಮನೆಯ ಮೂಲೆಯಲ್ಲಿ ಕಾಲು ಚಾಚಿ ಕೂರುತ್ತಾನೆ. ನೆರೆಯವರು ಸಹಾಯಕ್ಕೆ ಬಂದಾರೆಂದರೆ ಅವರ ಮನೆಯಲ್ಲೂ ಅದೇ ಸ್ಥಿತಿ. ಬಿತ್ತನೆ ತಪ್ಪಿದ ಮೇಲೆ ಕಣಜ ತುಂಬುವುದೆಲ್ಲಿಂದ?

ಆಗ್ನೇಯ ನೈಜೀರಿಯದ ಭತ್ತ ಬೆಳೆಯುವ ಪ್ರದೇಶವೊಂದರಲ್ಲಿ 1987ರಲ್ಲಿ ನಡೆದ ಅಧ್ಯಯನ ಈ ನಷ್ಟವನ್ನು ಲೆಕ್ಕ ಹಾಕಿತು. ಸುಮಾರು 16 ಲಕ್ಷ ಜನರಿದ್ದ ಆ ಪ್ರದೇಶದ ರೈತರು ಈ ಒಂದು ರೋಗದಿಂದ ವರ್ಷಕ್ಕೆ 2 ಕೋಟಿ ಡಾಲರುಗಳಷ್ಟು ಆದಾಯ ಕಳೆದುಕೊಳ್ಳುತ್ತಿದ್ದರು. ಬಡತನದಿಂದ ರೋಗ ಬರುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ರೋಗದಿಂದ ಬಡತನ ಹೇಗೆ ಬರುತ್ತದೆ ಎಂಬುದನ್ನು ಈ ಲೆಕ್ಕ ತೋರಿಸಿತು.

ಶಾಲೆಗೂ ಇದೇ ಪೆಟ್ಟು. ಹುಳು ಬಂದ ಮಗು ಶಾಲೆಗೆ ನಡೆಯಲಾರದು. ಹುಳು ಬಾರದ ಮಗು ಕೂಡ ಶಾಲೆ ಬಿಡಬೇಕಾಗುತ್ತಿತ್ತು, ಏಕೆಂದರೆ ಮಲಗಿದ ತಂದೆಯ ಬದಲಿಗೆ ಹೊಲಕ್ಕೆ ಹೋಗಬೇಕು ಅಥವಾ ಮಲಗಿದ ತಾಯಿಯ ಬದಲಿಗೆ ಅಡಿಗೆ ಮಾಡಿ ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕು. ಇನ್ನು ತಾಯಿಗೇ ಹುಳು ಬಂದರೆ ಕೂಸಿಗೆ ಸ್ನಾನವಿಲ್ಲ, ಹೊತ್ತಿಗೆ ಸರಿಯಾಗಿ ಊಟವಿಲ್ಲ, ಚುಚ್ಚುಮದ್ದು ಹಾಕಿಸಲು ಆರೋಗ್ಯ ಕೇಂದ್ರಕ್ಕೆ ಹೊತ್ತೊಯ್ಯುವವರಿಲ್ಲ. ಒಂದು ಹುಳು ಒಬ್ಬರ ಕಾಲಿನಲ್ಲಿ ಇದ್ದರೂ ಕಾಯಿಲೆ ಇಡೀ ಮನೆಗೆ ಬಂದಂತೆ.

ನೀರು ತರುವವರ ಪಾಡು

‘ಕೊಳಕು ನೀರು ಎಂದು ಗೊತ್ತಿದ್ದೂ ಏಕೆ ಕುಡಿಯುತ್ತಾರೆ?’ ಎಂದು ನೀವು ಕೇಳಬಹುದು. ಉತ್ತರ ಸರಳವಾಗಿದೆ. ಬೇರೆ ನೀರಿಲ್ಲ. ಘಾನಾದ ಉತ್ತರ ಭಾಗದಲ್ಲಿ ಅಂತರ್ಜಲ ಸಿಗುವುದು ಕಷ್ಟ. ಕೊರೆದ ಎಷ್ಟೋ ಕೊಳವೆಬಾವಿಗಳು ಒಣಗಿಯೇ ಹೊರಬರುತ್ತವೆ. ಆದ್ದರಿಂದ ಜನ ಮಳೆನೀರು ನಿಲ್ಲುವಂತೆ ತೋಡಿದ ಹೊಂಡಗಳನ್ನೇ ನಂಬಿದ್ದರು. ದನಗಳು ಕುಡಿಯುವುದೂ ಅಲ್ಲೇ, ಬಟ್ಟೆ ಒಗೆಯುವುದೂ ಅಲ್ಲೇ, ಕೊಡ ತುಂಬುವುದೂ ಅಲ್ಲೇ.

ಆ ಕೊಡ ಹೊರುವವರು ಹೆಂಗಸರು ಮತ್ತು ಹುಡುಗಿಯರು. 20 ಲೀಟರಿನ ಡಬ್ಬಿ ಎಂದರೆ 20 ಕಿಲೋ ತೂಕ. ಅದನ್ನು ತಲೆಯ ಮೇಲಿಟ್ಟು ದಿನಕ್ಕೆ ಹಲವು ಸಲ ನಡೆಯಬೇಕು. ಪ್ರಪಂಚದ ಹೆಂಗಸರು ಮತ್ತು ಹುಡುಗಿಯರು ನೀರು ತರುವುದಕ್ಕೆಂದೇ ದಿನಕ್ಕೆ ಒಟ್ಟು 20 ಕೋಟಿ ಗಂಟೆ ಕಳೆಯುತ್ತಾರೆಂದು ಯುನಿಸೆಫ್ 2016ರಲ್ಲಿ ಅಂದಾಜು ಮಾಡಿತ್ತು. ಹೀಗೆ ಹೊತ್ತು ತಂದ ನೀರನ್ನು ಯಾರೂ ಧಾರಾಳವಾಗಿ ಬಳಸಲಾರರು. ಮೊದಲು ಕುಡಿಯಲು, ಆಮೇಲೆ ಅಡಿಗೆಗೆ. ಕೈ ತೊಳೆಯಲು, ಮಗುವಿನ ಮುಖ ತೊಳೆಯಲು ಉಳಿಯುವುದು ಎಷ್ಟು? ಕಣ್ಣಿನ ಟ್ರಕೋಮ ರೋಗ, ಕಜ್ಜಿ, ಭೇದಿ ಇವೆಲ್ಲ ಹೆಚ್ಚುವುದು ನೀರಿನ ಕೊಳೆಯಿಂದ ಮಾತ್ರವಲ್ಲ, ನೀರಿನ ಕೊರತೆಯಿಂದಲೂ ಹೌದು. ಊರೊಳಗೇ ಒಂದು ಕೈಪಂಪು ಬಂದಾಗ ಆ ಮನೆಗಳಿಗೆ ದಕ್ಕುವುದು ನೀರು ಮಾತ್ರವಲ್ಲ, ದಿನದಲ್ಲಿ ಕೆಲವು ಗಂಟೆಗಳೂ ಹೌದು. ಆ ಗಂಟೆಗಳಲ್ಲಿ ಹುಡುಗಿ ಶಾಲೆಗೆ ಹೋಗಬಹುದು, ತಾಯಿ ಕೈತೋಟ ಮಾಡಬಹುದು, ಸಂತೆಗೆ ಹೋಗಿ ನಾಲ್ಕು ಕಾಸು ಸಂಪಾದಿಸಬಹುದು.

ಇಲ್ಲಿ ನಮ್ಮ ದೇಶದ ಒಂದು ಕೊಡುಗೆಯನ್ನು ಹೇಳಲೇಬೇಕು. ಆಫ್ರಿಕಾದ ಎಷ್ಟೋ ಹಳ್ಳಿಗಳ ನಡುವೆ ನಿಂತಿರುವ ಕೈಪಂಪು ನಮಗೆ ಚಿರಪರಿಚಿತವಾದ ‘ಇಂಡಿಯಾ ಮಾರ್ಕ್-2’. ನಮ್ಮ ಹಳ್ಳಿಗಳಲ್ಲಿ ‘ಬೋರಿಂಗು’ ಎಂದು ಕರೆಯುವ, ಉದ್ದ ಹಿಡಿಕೆಯ ಕಬ್ಬಿಣದ ಪಂಪು ಅದೇ. ಸೊಲ್ಲಾಪುರ ಭಾಗದ ಅನುಭವದಿಂದ ಕಲಿತು, 1970ರ ದಶಕದಲ್ಲಿ ಸರ್ಕಾರ ಮತ್ತು ಯುನಿಸೆಫ್ ಸೇರಿ ರೂಪಿಸಿದ ಈ ಪಂಪು ಮುಂದೆ ಆಫ್ರಿಕಾದ ಹಲವು ದೇಶಗಳಿಗೆ ಹೋಯಿತು.

ಒಂದು ತುಂಡು ಬಟ್ಟೆಯ ಶಕ್ತಿ

1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಈ ರೋಗದ ನಿರ್ಮೂಲನೆಯ ನಿರ್ಣಯ ಮಾಡಿತು. ಅದೇ ವರ್ಷ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸ್ಥಾಪಿಸಿದ ಕಾರ್ಟರ್ ಸೆಂಟರ್ ಈ ಕೆಲಸದ ಮುಂದಾಳುತನ ವಹಿಸಿತು. 1988ರಲ್ಲಿ ಕಾರ್ಟರ್ ಘಾನಾದ ಹಳ್ಳಿಗಳಿಗೆ ಹೋಗಿದ್ದಾಗ ಒಬ್ಬ ಯುವತಿ ಕೂಸನ್ನು ಎದೆಗವಚಿಕೊಂಡು ನಿಂತಂತೆ ಅವರಿಗೆ ಕಂಡಿತು. ಹತ್ತಿರ ಹೋಗಿ ನೋಡಿದರೆ ಕೂಸಲ್ಲ, ಹುಳು ಹೊರಬರುತ್ತಿದ್ದುದರಿಂದ ಊದಿಕೊಂಡ ಅವಳ ಸ್ತನವೇ ಆಗಿತ್ತು. ಆ ನೋಟವನ್ನು ಕಾರ್ಟರ್ ಕೊನೆಯವರೆಗೂ ಹೇಳುತ್ತಿದ್ದರು.

ಎಲ್ಲ ಊರುಗಳಿಗೂ ಕೊಳವೆಬಾವಿ ಕೊರೆಸುವುದು ಅತ್ಯುತ್ತಮ ಪರಿಹಾರ. ಆದರೆ ಅದಕ್ಕೆ ಹಣ ಬೇಕು, ಕಾಲ ಬೇಕು, ನೆಲದಡಿಯಲ್ಲಿ ನೀರೂ ಬೇಕು. ಅಲ್ಲಿಯವರೆಗೆ ಜನ ಏನು ಮಾಡಬೇಕು? ಅದಕ್ಕಾಗಿ ಸರಳವಾದ ನಾಲ್ಕು ಉಪಾಯಗಳನ್ನು ಜೊತೆಜೊತೆಯಾಗಿ ಬಳಸಿದರು.

ಮೊದಲನೆಯದು, ಸೋಸುವ ಬಟ್ಟೆ. ಸೈಕ್ಲಾಪ್ಸ್ ದಾಟಲಾರದಷ್ಟು ಸಣ್ಣ ಕಣ್ಣುಗಳಿರುವ ನೈಲಾನ್ ಬಟ್ಟೆಯನ್ನು ಮನೆಮನೆಗೆ ಕೊಟ್ಟು, ಮಡಕೆಯ ಬಾಯಿಗೆ ಕಟ್ಟಿ ನೀರು ಸುರಿಯಲು ಕಲಿಸಿದರು. ಹೊಲಕ್ಕೆ ಹೋಗುವವರಿಗೂ ದನ ಮೇಯಿಸುವ ಅಲೆಮಾರಿಗಳಿಗೂ ಕೊರಳಿಗೆ ನೇತುಹಾಕಿಕೊಳ್ಳುವ ಕೊಳವೆ ಕೊಟ್ಟರು. ಅದರ ತುದಿಯಲ್ಲಿ ಇದೇ ಬಟ್ಟೆ ಇರುತ್ತದೆ. ಎಳನೀರನ್ನು ಹೀರುವಂತೆ ಹೊಂಡದ ನೀರನ್ನು ಅದರ ಮೂಲಕ ಹೀರಿದರಾಯಿತು.

ಎರಡನೆಯದು, ಹುಳು ಹೊರಬರುತ್ತಿರುವವರು ನೀರಿಗೆ ಇಳಿಯದಂತೆ ನೋಡಿಕೊಳ್ಳುವುದು. ಅವರ ಹುಣ್ಣು ತೊಳೆದು, ಕಟ್ಟು ಕಟ್ಟಿ, ಕೆಲವೆಡೆ ಪ್ರತ್ಯೇಕ ಕೇಂದ್ರಗಳಲ್ಲಿ ಊಟ ವಸತಿ ಕೊಟ್ಟು ಇಟ್ಟುಕೊಂಡರು.

ಮೂರನೆಯದು, ಹೊಂಡಗಳಿಗೆ ಟೆಮೆಫಾಸ್ ಎಂಬ ಔಷಧವನ್ನು ಅಳೆದು ಹಾಕಿ ಸೈಕ್ಲಾಪ್ಸ್‌ಗಳನ್ನು ಕೊಲ್ಲುವುದು. ಹೇಳಿದ ಪ್ರಮಾಣದಲ್ಲಿ ಹಾಕಿದರೆ ಜನ ಜಾನುವಾರುಗಳಿಗೆ ತೊಂದರೆಯಿಲ್ಲ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಊರಿನವರೇ ಆದ ಸ್ವಯಂಸೇವಕರು. ಸಾವಿರಾರು ಹಳ್ಳಿಗಳಲ್ಲಿ ಅವರು ಮನೆಮನೆ ಸುತ್ತಿ ಯಾರಿಗೆ ಹುಳು ಬಂದಿದೆ ಎಂದು ವಿಚಾರಿಸಿ ಬರೆದಿಟ್ಟರು. ಕೆಲವೆಡೆ ಹೊಂಡವೇ ಪೂಜ್ಯ ಸ್ಥಾನ. ಅದರ ನೀರು ಕೆಟ್ಟದ್ದು ಎಂದರೆ ಹಿರಿಯರಿಗೆ ನೋವಾದೀತು. ಅಂಥಲ್ಲಿ ವಾದಕ್ಕಿಳಿಯದೆ ಸೋಸಿದ ಬಟ್ಟೆಯಲ್ಲಿ ಉಳಿದ, ಕುಪ್ಪಳಿಸುವ ಚುಕ್ಕೆಗಳನ್ನು ಅವರ ಕಣ್ಣಿಗೇ ತೋರಿಸಿದರು. ನೀರಿನ ದೋಷವನ್ನು ಹೊರಗಿನವರು ಹೇಳಿದಾಗ ಒಪ್ಪದವರು ತಮ್ಮ ಊರಿನ ಹುಡುಗ ತೋರಿಸಿದಾಗ ಒಪ್ಪಿದರು.

ನೈಜೀರಿಯದ ಮಾಜಿ ಮುಖ್ಯಸ್ಥ ಜನರಲ್ ಯಾಕೂಬು ಗೊವೊನ್ ಹಳ್ಳಿ ಹಳ್ಳಿಗೆ ತಾವೇ ಹೋಗಿ ಅಧಿಕಾರಿಗಳಿಂದ ಬಾವಿ ತೋಡಿಸಲು ಒತ್ತಾಯಿಸಿದರು. 1988ರಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ರೋಗಿಗಳಿದ್ದ ಆ ದೇಶದಲ್ಲಿ ಕೊನೆಯ ರೋಗಿ ಕಂಡುಬಂದದ್ದು 2008ರಲ್ಲಿ. ಇಪ್ಪತ್ತು ವರ್ಷಗಳ ತಾಳ್ಮೆಯ ಫಲ ಅದು.

ಘಾನಾ ಕಲಿಸಿದ ಪಾಠ

ಇಲ್ಲಿಯವರೆಗೆ ಓದಿ ಇದೊಂದು ನೇರ ವಿಜಯಯಾತ್ರೆ ಎಂದು ಯಾರೂ ಭಾವಿಸಬಾರದು. ಘಾನಾವನ್ನೇ ನೋಡಿ. 1989ರಲ್ಲಿ ಅಲ್ಲಿ ಸುಮಾರು 1 ಲಕ್ಷ 80 ಸಾವಿರ ರೋಗಿಗಳು. ಐದೇ ವರ್ಷಗಳಲ್ಲಿ ಅದು ಹತ್ತು ಸಾವಿರದೊಳಗೆ ಇಳಿಯಿತು. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ 1994ರಲ್ಲಿ ಉತ್ತರ ಭಾಗದಲ್ಲಿ ಬುಡಕಟ್ಟುಗಳ ನಡುವೆ ಘರ್ಷಣೆ ಎದ್ದು ಜನ ಊರು ಬಿಟ್ಟರು, ಕಾರ್ಯಕರ್ತರು ಹಳ್ಳಿಗಳಿಗೆ ಹೋಗದಂತಾಯಿತು. ಮುಂದಿನ ಹತ್ತು ಹನ್ನೆರಡು ವರ್ಷ ರೋಗಿಗಳ ಸಂಖ್ಯೆ ಸಾವಿರಗಳಲ್ಲಿಯೇ ನಿಂತಿತು.

2006-07ರ ಸುಮಾರಿಗೆ ಸವೆಲುಗು ಎಂಬ ಪಟ್ಟಣದಲ್ಲಿ ರೋಗ ಒಮ್ಮೆಗೇ ಉಲ್ಬಣಿಸಿತು. ಸವೆಲುಗು ಕುಗ್ರಾಮವಲ್ಲ, ಅಲ್ಲಿ ನಲ್ಲಿಗಳಿದ್ದವು. ಆದರೆ ನಲ್ಲಿಯಲ್ಲಿ ನೀರು ಬರುವುದು ನಿಂತಿತು. ಜನ ಮಾರಾಟಗಾರರಿಂದ ನೀರು ಕೊಂಡರು. ಅವರು ತಂದು ಮಾರುತ್ತಿದ್ದುದು ಬಯಲಿನ ಹೊಂಡದ ನೀರು. ಮುಂದಾದದ್ದನ್ನು ಹೇಳಬೇಕಿಲ್ಲ. ಮತ್ತೆ ಬಟ್ಟೆ ಹಂಚಿ, ರೋಗಿಗಳನ್ನು ಕೇಂದ್ರದಲ್ಲಿ ಇರಿಸಿಕೊಂಡು, ನೀರಿನ ವ್ಯವಸ್ಥೆ ಸರಿಪಡಿಸಿದ ಮೇಲೆ ರೋಗ ಇಳಿಯಿತು. 2007ರಲ್ಲಿ 3,358 ಇದ್ದ ರೋಗಿಗಳು ಮರು ವರ್ಷ 501ಕ್ಕೆ ಇಳಿದರು. 2010ರ ಮೇ ತಿಂಗಳಲ್ಲಿ ಕೊನೆಯ ರೋಗಿ ಕಂಡುಬಂದ. 2015ರಲ್ಲಿ ಘಾನಾ ನಾರುಹುಣ್ಣು ಮುಕ್ತವೆಂದು ಘೋಷಣೆಯಾಯಿತು.

ನಲ್ಲಿ ಇದ್ದ ಮಾತ್ರಕ್ಕೆ ನೀರಿದೆ ಎಂದಲ್ಲ, ನೀರು ಇದ್ದ ಮಾತ್ರಕ್ಕೆ ಶುದ್ಧ ನೀರಿದೆ ಎಂದೂ ಅಲ್ಲ. ಸಹಾರದ ದಕ್ಷಿಣದ 20 ದೇಶಗಳ ಲೆಕ್ಕ ತೆಗೆದು 2009ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಅಲ್ಲಿ ನೆಟ್ಟ ಕೈಪಂಪುಗಳಲ್ಲಿ ಮೂರರಲ್ಲೊಂದು ಕೆಟ್ಟು ನಿಂತಿತ್ತು. ಒಂದು ಚರ್ಮದ ಬಿಲ್ಲೆ ಸವೆದು, ಒಂದು ಸರಪಳಿ ತುಂಡಾಗಿ, ಅದನ್ನು ಬದಲಿಸುವವರಿಲ್ಲದೆ ಪಂಪು ಸುಮ್ಮನೆ ನಿಂತರೆ ಊರು ಮತ್ತೆ ಹೊಂಡಕ್ಕೆ ಹೋಗುತ್ತದೆ. ಆದ್ದರಿಂದಲೇ ಹಳ್ಳಿಯವರೇ ಬಿಚ್ಚಿ ರಿಪೇರಿ ಮಾಡಬಹುದಾದ ‘ಆಫ್ರಿಡೆವ್’ ಎಂಬ ಪಂಪನ್ನು 1980ರ ದಶಕದಲ್ಲಿ ಆಫ್ರಿಕಾದಲ್ಲಿಯೇ ರೂಪಿಸಿದರು. ಪಂಪು ನೆಡುವ ದಿನದ ಮೆರವಣಿಗೆಗಿಂತ ಐದು ವರ್ಷಗಳ ನಂತರ ಅದಕ್ಕೆ ಎಣ್ಣೆ ಹಾಕುವ ಕೈ ಮುಖ್ಯ.

ಯುದ್ಧಕ್ಕೂ ವಿರಾಮ

ಸುಡಾನಿನ ಅಂತರ್ಯುದ್ಧದ ನಡುವೆ 1995ರಲ್ಲಿ ಕಾರ್ಟರ್ ಎರಡೂ ಪಕ್ಷಗಳ ಮನವೊಲಿಸಿ ಯುದ್ಧವಿರಾಮ ಮಾಡಿಸಿದರು. ಎರಡು ತಿಂಗಳಿಗೆಂದು ಆರಂಭವಾದದ್ದು ಸುಮಾರು ಆರು ತಿಂಗಳು ನಡೆಯಿತು. ಆ ಅವಧಿಯಲ್ಲಿ ಆರೋಗ್ಯ ಕಾರ್ಯಕರ್ತರು ಹಳ್ಳಿಗಳಿಗೆ ಹೋಗಿ ಸೋಸುವ ಬಟ್ಟೆ ಹಂಚಿದರು, ಮಕ್ಕಳಿಗೆ ಲಸಿಕೆ ಹಾಕಿದರು. ಒಂದು ಹುಳುವಿನ ಹೆಸರಿನಲ್ಲಿ ಬಂದೂಕುಗಳು ಸುಮ್ಮನಾದ ಅಪರೂಪದ ಪ್ರಸಂಗವಿದು. ಯುದ್ಧ ಮುಗಿದ ಮೇಲೆ, 2006ರಲ್ಲಿ, ದಕ್ಷಿಣ ಸುಡಾನಿನಲ್ಲಿ 20 ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. 2024ರ ವೇಳೆಗೆ ಅಲ್ಲಿ ಉಳಿದವರು ಬೆರಳೆಣಿಕೆಯಷ್ಟು.

ಚಾಡ್ ದೇಶದಲ್ಲಿ ಮಾತ್ರ ಹುಳು ಹೊಸ ಉಪಾಯ ಹೂಡಿತು. ಹತ್ತು ವರ್ಷ ಒಬ್ಬ ರೋಗಿಯೂ ಕಾಣದಿದ್ದ ಅಲ್ಲಿ 2010ರಲ್ಲಿ ರೋಗ ಮತ್ತೆ ತಲೆ ಎತ್ತಿತು. 2012ರಲ್ಲಿ ನಾಯಿಗಳ ಕಾಲಿನಿಂದಲೂ ಅದೇ ಹುಳು ಹೊರಬರುವುದು ಕಂಡಿತು. 2019ರಲ್ಲಿ 1,900ಕ್ಕೂ ಹೆಚ್ಚು ನಾಯಿಗಳಲ್ಲಿ ಹುಳು ಪತ್ತೆಯಾಯಿತು. ನದಿಯಂಚಿನಲ್ಲಿ ಮೀನು ಶುಚಿ ಮಾಡುವಾಗ ಎಸೆದ ಕರುಳನ್ನು ತಿಂದು ನಾಯಿಗಳಿಗೆ ಸೋಂಕು ತಗಲುತ್ತಿರಬಹುದೆಂದು ತಜ್ಞರ ಅಭಿಪ್ರಾಯ. ಅಂದಿನಿಂದ ಹಳ್ಳಿಗರು ನಾಯಿಗಳನ್ನು ಕಟ್ಟಿಹಾಕುತ್ತಾರೆ, ಮೀನಿನ ಕರುಳನ್ನು ಹೂಳುತ್ತಾರೆ, ಮೀನನ್ನು ಚೆನ್ನಾಗಿ ಬೇಯಿಸುತ್ತಾರೆ. ಹುಳು ಬಂದ ನಾಯಿಯನ್ನು ತೋರಿಸಿದವರಿಗೆ ಬಹುಮಾನವೂ ಉಂಟು. ಇದರಿಂದ 2023ರ ವೇಳೆಗೆ ಅಂಥ ನಾಯಿಗಳ ಸಂಖ್ಯೆ 500ಕ್ಕಿಂತ ಕೆಳಗಿಳಿಯಿತು.

ಕೊನೆಯ ನಾರುಹುಳು ತನಗಿಂತ ಮೊದಲು ಸಾಯಬೇಕೆಂಬುದು ತನ್ನ ಆಸೆ ಎಂದು ಕಾರ್ಟರ್ 2015ರಲ್ಲಿ ಹೇಳಿದ್ದರು. 2024ರ ಡಿಸೆಂಬರ್ 29ರಂದು, ನೂರು ವರ್ಷ ತುಂಬಿದ ಅವರು ತೀರಿಕೊಂಡಾಗ ಆ ಆಸೆ ಪೂರ್ತಿ ಕೈಗೂಡಿರಲಿಲ್ಲ. ಆದರೆ 35 ಲಕ್ಷದಿಂದ 15ಕ್ಕೆ ಇಳಿದದ್ದನ್ನು ಅವರು ಕಂಡಿದ್ದರು. ಸಿಡುಬಿನ ನಂತರ ಭೂಮಿಯಿಂದಲೇ ಅಳಿಯಲಿರುವ ಮನುಷ್ಯರ ರೋಗಗಳ ಸಾಲಿನಲ್ಲಿ ಇದು ಮುಂದಿದೆ. ಸಿಡುಬಿಗೆ ಲಸಿಕೆ ಇತ್ತು. ಇದಕ್ಕಿದ್ದದ್ದು ತಿಳಿವಳಿಕೆ ಮತ್ತು ಒಂದು ತುಂಡು ಬಟ್ಟೆ.

ನಮ್ಮ ನಾರುಹುಣ್ಣು

ಭಾರತದಲ್ಲಿ 1983-84ರಲ್ಲಿ ನಿರ್ಮೂಲನ ಕಾರ್ಯಕ್ರಮ ಆರಂಭವಾದಾಗ ವರ್ಷಕ್ಕೆ ಸುಮಾರು 40 ಸಾವಿರ ರೋಗಿಗಳಿದ್ದರು. ರೋಗವಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನಮ್ಮಲ್ಲಿ ಹೊಂಡಗಳಿಗಿಂತ ಹೆಚ್ಚಿನ ಕೇಡು ಮಾಡಿದ್ದು ಮೆಟ್ಟಿಲು ಬಾವಿಗಳು. ಹುಣ್ಣಿನ ಕಾಲಿನವರು ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟು ಕೊಡ ತುಂಬುತ್ತಿದ್ದರು. ಮೆಟ್ಟಿಲು ಮುಚ್ಚಿ, ಕಟ್ಟೆ ಕಟ್ಟಿ, ರಾಟೆ ಹಾಕಿ ಅವನ್ನು ಸೇದುವ ಬಾವಿಗಳನ್ನಾಗಿ ಮಾಡಿದ್ದು, ಬೋರಿಂಗು ಹಾಕಿದ್ದು, ನೀರು ಸೋಸಲು ಕಲಿಸಿದ್ದು ಫಲ ಕೊಟ್ಟಿತು. 1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕೊನೆಯ ರೋಗಿ ಕಂಡುಬಂದ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತವೆಂದು ಸಾರಿತು.

ಬಟ್ಟೆ ತಡೆಯದಿರುವುದೂ ಉಂಟು

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಟ್ಟೆಯಲ್ಲಿ ಸೋಸಿದರೆ ಸೈಕ್ಲಾಪ್ಸ್ ನಿಲ್ಲುತ್ತದೆ. ಕಾಲರಾ, ವಿಷಮಶೀತ ಜ್ವರ, ಕಾಮಾಲೆ ತರುವ ಸೂಕ್ಷ್ಮಜೀವಿಗಳು ಅದಕ್ಕಿಂತ ಸಾವಿರಾರು ಪಾಲು ಚಿಕ್ಕವು. ಅವು ಬಟ್ಟೆಯ ಕಣ್ಣುಗಳಲ್ಲಿ ಸಲೀಸಾಗಿ ದಾಟುತ್ತವೆ. ಆದ್ದರಿಂದ ‘ಸೋಸಿದ್ದೇವೆ, ಇನ್ನು ಭಯವಿಲ್ಲ’ ಎಂದುಕೊಳ್ಳುವುದು ತಪ್ಪು.

ಪಶ್ಚಿಮ ಕೀನ್ಯಾದ ಬುಸಿಯಾ ಎಂಬಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೊಂದು ಸೂಕ್ಷ್ಮವನ್ನು ತೋರಿಸಿತು. ಅಲ್ಲಿನ ತೆರೆದ ಒರತೆಗಳಿಗೆ ಸಿಮೆಂಟಿನ ಕಟ್ಟೆ ಕಟ್ಟಿ, ಕೊಳವೆಯಿಂದ ನೀರು ಬೀಳುವಂತೆ ಮಾಡಿದರು. ಮಕ್ಕಳ ಭೇದಿ ಸುಮಾರು ಕಾಲು ಭಾಗದಷ್ಟು ಇಳಿಯಿತು. ಇದು ಸಣ್ಣ ಲಾಭವೇನಲ್ಲ. ಆದರೆ ಒರತೆಯಲ್ಲಿ ನೀರು ಎಷ್ಟು ಶುದ್ಧವಾಗಿತ್ತೋ ಮನೆಯ ಮಡಕೆಯಲ್ಲಿ ಅಷ್ಟು ಶುದ್ಧವಾಗಿರಲಿಲ್ಲ. ದಾರಿಯಲ್ಲಿ, ಪಾತ್ರೆಯಲ್ಲಿ, ಅದ್ದಿದ ಕೈಯಲ್ಲಿ ಕೊಳೆ ಮತ್ತೆ ಸೇರಿತ್ತು. ಈ ಮಾತು ಕೀನ್ಯಾಕ್ಕೆ ಎಷ್ಟು ನಿಜವೋ ನಮ್ಮ ಅಡಿಗೆಮನೆಗೂ ಅಷ್ಟೇ ನಿಜ. ಆದ್ದರಿಂದ ಮನೆಯವರು ಇಷ್ಟನ್ನು ನೆನಪಿಡಬೇಕು:

* ಕುಡಿಯುವ ನೀರನ್ನು ಮೊದಲು ಮಡಿಸಿದ ಶುಭ್ರ ಬಟ್ಟೆಯಲ್ಲಿ ಸೋಸಿ, ನಂತರ ಕುದಿಸಿ. ಬೆಚ್ಚಗಾದರೆ ಸಾಲದು, ಕೊತಕೊತ ಕುದಿಯಬೇಕು. ಸೋಸುವ ಬಟ್ಟೆಯನ್ನು ದಿನವೂ ಒಗೆದು ಬಿಸಿಲಿಗೆ ಹಾಕಿ.

* ಕುದಿಸಲಾಗದಿದ್ದರೆ ಆರೋಗ್ಯ ಕಾರ್ಯಕರ್ತರು ಕೊಡುವ ಕ್ಲೋರಿನ್ ಮಾತ್ರೆಯನ್ನು ಹೇಳಿದ ಪ್ರಮಾಣದಲ್ಲಿ ಹಾಕಿ, ಅರ್ಧ ಗಂಟೆ ಬಿಟ್ಟು ಬಳಸಿ.

* ಕುಡಿಯುವ ನೀರಿನ ಪಾತ್ರೆಗೆ ಮುಚ್ಚಳ ಇರಲಿ. ಕೈ ಅದ್ದದಂತೆ ಉದ್ದ ಹಿಡಿಕೆಯ ಸೌಟು ಇರಲಿ, ಅಥವಾ ನಲ್ಲಿಯಿರುವ ಪಾತ್ರೆ ಬಳಸಿ.

* ಮಲವಿಸರ್ಜನೆಯ ನಂತರ, ಮಗುವನ್ನು ತೊಳೆದ ನಂತರ, ಅಡಿಗೆಗೆ ಮುನ್ನ, ಊಟಕ್ಕೆ ಮುನ್ನ ಸಾಬೂನಿನಿಂದ ಕೈ ತೊಳೆಯಿರಿ.

* ಮಗುವಿಗೆ ಭೇದಿಯಾದರೆ ನೀರು, ಹಾಲು ನಿಲ್ಲಿಸಬೇಡಿ. ಜೀವಜಲದ ಪುಡಿಯನ್ನು ಶುದ್ಧ ನೀರಿನಲ್ಲಿ ಕರಗಿಸಿ ಮೇಲಿಂದ ಮೇಲೆ ಕುಡಿಸಿ. ಮಗು ಮಂಕಾದರೆ, ಕಣ್ಣು ಗುಳಿ ಬಿದ್ದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.

* ಬೀದಿಯ ಬೋರಿಂಗಿನ ಸುತ್ತ ಪಾತ್ರೆ ಬೆಳಗುವುದು, ದನ ಕಟ್ಟುವುದು ಬೇಡ. ಕಟ್ಟೆ ಒಡೆದು ಕೊಚ್ಚೆ ನಿಂತಿದ್ದರೆ ಪಂಚಾಯಿತಿಗೆ ತಿಳಿಸಿ, ರಿಪೇರಿ ಆಗುವವರೆಗೆ ಬಿಡಬೇಡಿ.

2022ರ ಲೆಕ್ಕದಂತೆ ಪ್ರಪಂಚದಲ್ಲಿ ಸುಮಾರು 220 ಕೋಟಿ ಜನರಿಗೆ ಮನೆಯ ಬಳಿ, ಬೇಕಾದಾಗ ಸಿಗುವ ಸುರಕ್ಷಿತ ನೀರಿಲ್ಲ. ಆಫ್ರಿಕಾದ ಹಳ್ಳಿಗಳ ಪಾಲು ಅದರಲ್ಲಿ ದೊಡ್ಡದು. ನಾರುಹುಣ್ಣು ಅಳಿದ ಮಾತ್ರಕ್ಕೆ ಆ ಊರುಗಳ ನೀರಿನ ಕಷ್ಟ ಮುಗಿಯಲಿಲ್ಲ. ಆದರೆ ಅಲ್ಲಿನ ರೈತ ಬಿತ್ತನೆಯ ಹೊತ್ತಿಗೆ ತನ್ನ ಕಾಲ ಮೇಲೆ ನಿಲ್ಲುತ್ತಾನೆ, ಅವನ ಮಗಳು ಶಾಲೆಗೆ ನಡೆದು ಹೋಗುತ್ತಾಳೆ, ಸುಗ್ಗಿಯಲ್ಲಿ ಕಣಜಕ್ಕೆ ಕಾಳು ಬರುತ್ತದೆ. ಒಂದು ಲೋಟ ನೀರಿನಿಂದ ಇಷ್ಟೆಲ್ಲ ಆಗುವುದಾದರೆ, ಆ ಲೋಟವನ್ನು ತುಂಬುವ ಮುನ್ನ ನಾವೂ ಒಮ್ಮೆ ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು.